ವಿದ್ಯುತ್ ಕಾಗದದ ಮೇಲೆ ವಿಳಾಸದ ಪಟ್ಟಿ

ಕಾದಂಬರಿಯನ್ನೋ ಪಠ್ಯಗ್ರಂಥವನ್ನೋ ಓದಲೆಂದು ನಿರ್ಮಿತವಾಗಿರುವ ಇ-ರೀಡರ್ ಎಂಬ ಉಪಕರಣದಲ್ಲಿ ನಮ್ಮ ಬಂಧುಮಿತ್ರರ ವಿಳಾಸಗಳನ್ನೂ ದೂರವಾಣಿಯ ಸಂಖ್ಯೆಗಳನ್ನೂ, ಭೌತವಿಜ್ಞಾನದ ಸ್ಥಿರಾಂಕಗಳನ್ನೂ, ಓದಿದ ಮತ್ತು ಓದಬೇಕಾದ ಗ್ರಂಥಗಳ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಯುಕ್ತವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಜೇಬಿನಲ್ಲಿ ಮೊಬೈಲು ಇರುವಾಗ ಇದೆಂಥ ಪ್ರಶ್ನೆಯೆಂದು ಕೆಲವರು ನಕ್ಕುಬಿಡುತ್ತಾರೆ. ನಮಗಾದರೋ ಇದು ನಕ್ಕು ಬಿಡತಕ್ಕ ಪ್ರಶ್ನೆಯೆಂದು ತೋರುವುದಿಲ್ಲ. ಮೊಬೈಲಿನ ಬ್ಯಾಟರಿ ಬರಿದಾಗಿ, ರಾತ್ರಿ ಹತ್ತು ಗಂಟೆಗೆ ಪರವೂರಿನ ಬಸ್ ನಿಲ್ದಾಣದಲ್ಲಿ ನಿಂತಿರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಪಕ್ಕದ ಅಂಗಡಿಯವರು ತಮ್ಮ ಫೋನನ್ನು ಕೊಡಲು ಸಿದ್ಧರಿದ್ದಾರೆ. ಆದರೆ ಒತ್ತಬೇಕಾದ ಹತ್ತು ಅಂಕಿಗಳು ಯಾವುವು? ಅವು ಬರಿದಾದ ಮೊಬೈಲಿನ ಒಳಗಿವೆ. ತಂದೆತಾಯಿಯರ ಸಂಖ್ಯೆಯನ್ನು ಬಾಯಲ್ಲಿ ಹೇಳಬಲ್ಲವರು ತಮ್ಮ ತರಗತಿಯಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ವಾಚಕರೇ ಒಮ್ಮೆ ವಿಚಾರಿಸಿ ನೋಡಬಹುದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪದೇ ಪದೇ ನೋಡಬೇಕಾದ, ಆದರೆ ಅಪರೂಪವಾಗಿ ಮಾತ್ರ ಬದಲಾಗುವ ಪಟ್ಟಿಗಳಿಗೆ ಇ-ರೀಡರ್ ಬಹು ಯೋಗ್ಯವಾದ ಸ್ಥಳ. ಆದರೆ ಅದರಲ್ಲಿ ಇರತಕ್ಕದ್ದು ಪಟ್ಟಿಯ ಒಂದು ಪ್ರತಿಯೇ ಹೊರತು ಪಟ್ಟಿಯ ಮೂಲವಲ್ಲ. ಮೂಲವು ಯಾವ ಯಂತ್ರದಲ್ಲಿಯೂ ತೆರೆಯಬಹುದಾದ ಸರಳ ರೂಪದಲ್ಲಿ ನಮ್ಮ ಕೈಯಲ್ಲಿಯೇ ಇರಬೇಕು. ಈ ಎರಡು ಮಾತುಗಳಲ್ಲಿ ಮೊದಲನೆಯದಕ್ಕೆ ಭೌತವಿಜ್ಞಾನದ ಆಧಾರವಿದೆ. ಎರಡನೆಯದಕ್ಕೆ ಅನುಭವದ ಆಧಾರವಿದೆ.

ದ್ರವದಲ್ಲಿ ತೇಲುತ್ತಿರುವ ವಿದ್ಯುದಾವಿಷ್ಟ ಕಣಗಳು ವಿದ್ಯುತ್ ಕ್ಷೇತ್ರದ ಪ್ರಭಾವದಿಂದ ಒಂದು ಕಡೆಗೆ ಸರಿಯುತ್ತವೆಂಬುದು ಹಳೆಯ ಸಂಗತಿ. 1807ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿದ್ದ ರಾಯ್ಸ್ ಎಂಬ ವಿಜ್ಞಾನಿಯು ನೀರಿನಲ್ಲಿದ್ದ ಜೇಡಿಮಣ್ಣಿನ ಕಣಗಳು ಹೀಗೆ ಸರಿಯುವುದನ್ನು ಕಂಡನು. ಎಲೆಕ್ಟ್ರೊಫೊರೆಸಿಸ್ ಎಂದು ಇದಕ್ಕೆ ಹೆಸರು. ಸುಮಾರು ಎರಡು ಶತಮಾನಗಳ ತರುವಾಯ, 1998ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಜೋಸೆಫ್ ಜೇಕಬ್‌ಸನ್ ಮತ್ತು ಅವರ ಸಂಗಡಿಗರು ಇದೇ ತತ್ತ್ವದಿಂದ ಕೆಲಸಮಾಡುವ ವಿದ್ಯುತ್ ಶಾಯಿಯೊಂದನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಇಂದಿನ ಇ-ರೀಡರಿನ ಪರದೆಯಲ್ಲಿ ತಲೆಗೂದಲಿನ ದಪ್ಪದಷ್ಟೇ ವ್ಯಾಸವುಳ್ಳ ಲಕ್ಷಾಂತರ ಗುಳಿಗೆಗಳು ಒತ್ತೊತ್ತಾಗಿ ಹರಡಿರುತ್ತವೆ. ಒಂದೊಂದು ಗುಳಿಗೆಯ ಒಳಗೂ ತಿಳಿಯಾದ ಎಣ್ಣೆ. ಆ ಎಣ್ಣೆಯಲ್ಲಿ ಬಿಳಿಯ ಕಣಗಳು ಮತ್ತು ಕರಿಯ ಕಣಗಳು. ಇವೆರಡು ಜಾತಿಯ ಕಣಗಳು ವಿರುದ್ಧವಾದ ವಿದ್ಯುದಂಶವನ್ನು ಹೊತ್ತಿರುತ್ತವೆ. ಆದಕಾರಣ ಕ್ಷೇತ್ರವನ್ನು ಒಂದು ದಿಕ್ಕಿನಲ್ಲಿ ಹೂಡಿದರೆ ಬಿಳಿಯ ಕಣಗಳು ಮೇಲೆದ್ದು ಪರದೆಯ ಆ ಬಿಂದು ಬೆಳ್ಳಗಾಗುತ್ತದೆ. ದಿಕ್ಕನ್ನು ತಿರುಗಿಸಿದರೆ ಕರಿಯ ಕಣಗಳು ಮೇಲೆದ್ದು ಅದೇ ಬಿಂದು ಕಪ್ಪಾಗುತ್ತದೆ.

ಕ್ಷೇತ್ರವನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಈ 'ಏನೂ ಆಗುವುದಿಲ್ಲ' ಎಂಬುದೇ ಈ ಪರದೆಯ ಮುಖ್ಯ ಗುಣ. ತಳ್ಳುವ ಬಲವಿಲ್ಲದಿರುವುದರಿಂದಲೂ ಎಣ್ಣೆಯು ಸ್ನಿಗ್ಧವಾಗಿರುವುದರಿಂದಲೂ ಕಣಗಳು ಇದ್ದಲ್ಲಿಯೇ ಇರುತ್ತವೆ. ಬರೆದ ಅಕ್ಷರ ಬರೆದಂತೆಯೇ ನಿಲ್ಲುತ್ತದೆ. ಮೊಬೈಲಿನ ಪರದೆಯು ಒಂದು ಪುಟವನ್ನು ತೋರಿಸುತ್ತಿರುವಷ್ಟು ಕಾಲವೂ ಬೆಳಕನ್ನು ಚೆಲ್ಲುತ್ತಿರಬೇಕು, ಅಂದರೆ ಪ್ರತಿ ಕ್ಷಣವೂ ಶಕ್ತಿಯನ್ನು ವ್ಯಯಮಾಡುತ್ತಿರಬೇಕು. ಇ-ರೀಡರಿನ ಪರದೆಯಾದರೋ ಕಾಗದದಂತೆ ಹೊರಗಿನ ಬೆಳಕನ್ನು ಪ್ರತಿಫಲಿಸುತ್ತದೆ. ಪುಟವನ್ನು ತಿರುವುವಾಗ ಮಾತ್ರ ಶಕ್ತಿಯನ್ನು ಬೇಡುತ್ತದೆ. ಒಂದು ಸಲ ಬ್ಯಾಟರಿ ತುಂಬಿದರೆ ವಾರಗಟ್ಟಲೆ ಸಾಲುವುದಕ್ಕೆ ಇದೇ ಕಾರಣ. ರಾತ್ರಿಯಲ್ಲಿ ಓದಲೆಂದು ಅಂಚಿನಲ್ಲಿ ಇಟ್ಟಿರುವ ದೀಪಗಳನ್ನು ಸದಾ ಉರಿಸುತ್ತಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಪರದೆಯ ಹಿಂದಿರುವ ಸ್ಮೃತಿಕೋಶದ ಸ್ವಭಾವವೂ ಇಂಥದೇ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ ಅವರು 1984ರಲ್ಲಿ ಜಗತ್ತಿಗೆ ಪರಿಚಯಿಸಿದ ಫ್ಲ್ಯಾಶ್ ಸ್ಮೃತಿಯಲ್ಲಿ, ಸುತ್ತಲೂ ಅವಾಹಕದಿಂದ ಆವೃತವಾದ ಪುಟ್ಟ ದ್ವೀಪವೊಂದರಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿರುತ್ತಾರೆ. ವಿದ್ಯುತ್ತನ್ನು ತೆಗೆದರೂ ಅವು ಹೊರಬರಲಾರವು. ಬಹಳ ವರ್ಷ ಬಳಸದೆ ಇಟ್ಟರೆ, ಅದರಲ್ಲಿಯೂ ಬಿಸಿಯಾದ ಕಡೆಯಲ್ಲಿ ಇಟ್ಟರೆ, ಅವು ನಿಧಾನವಾಗಿ ಸೋರಿಹೋಗುತ್ತವೆ. ಬೀರುವಿನಲ್ಲಿ ಮುಚ್ಚಿಟ್ಟು ಮೊಮ್ಮಕ್ಕಳಿಗೆ ಕೊಡಬಹುದಾದ ವಸ್ತು ಇದಲ್ಲ. ಕಾಗದದ ಮೇಲಿನ ಶಾಯಿಗೆ ಈ ಭಯವಿಲ್ಲ. ಅದರ ಶತ್ರುಗಳು ಗೆದ್ದಲು ಮತ್ತು ನೀರು.

ಬದಲಾವಣೆಗೆ ಮಾತ್ರ ಬೆಲೆ ತೆರುವ ಈ ಪರದೆ, ಬದಲಾಗದ ವಸ್ತುವಿಗೆ ಒಗ್ಗುತ್ತದೆಂಬುದು ಈಗ ಸ್ಪಷ್ಟವಾಗಿರಬೇಕು. ಇದರ ಇನ್ನೊಂದು ಮುಖವೂ ಉಂಟು. ಎಣ್ಣೆಯಲ್ಲಿ ಕಣಗಳು ಈಜಿ ಬರಬೇಕಾದುದರಿಂದ ಇ-ರೀಡರಿನ ಪರದೆ ನಿಧಾನ. ಅದರ ಮೇಲೆಯೇ ಬೆರಳಿನಿಂದ ಅಕ್ಷರಗಳನ್ನು ಒತ್ತಿ ನೂರು ಹೆಸರುಗಳ ಪಟ್ಟಿಯನ್ನು ಮಾಡುತ್ತೇನೆಂದು ಹೊರಟವನ ತಾಳ್ಮೆ ಇಪ್ಪತ್ತನೆಯ ಹೆಸರಿಗೆ ಮುಗಿದುಹೋಗುವುದು ಖಂಡಿತ. ಹುಡುಕುವುದಕ್ಕೂ ಅಷ್ಟೇ. ಆದ್ದರಿಂದ ಪಟ್ಟಿಯನ್ನು ಗಣಕಯಂತ್ರದ ಮೇಲೆ ಸಿದ್ಧಪಡಿಸಿ, ಪುಸ್ತಕಕ್ಕೆ ಅಧ್ಯಾಯಗಳಿರುವಂತೆ ಅಕಾರಾದಿಯಾಗಿ ಶಿರೋನಾಮೆಗಳನ್ನು ಕೊಟ್ಟು, ಬಳಿಕ ಉಪಕರಣಕ್ಕೆ ವರ್ಗಾಯಿಸುವುದು ಉಚಿತ. ವಿಷಯಸೂಚಿಯಲ್ಲಿ 'ಮ' ಎಂಬುದನ್ನು ಮುಟ್ಟಿದರೆ ಮಂಜುನಾಥನೂ ಮಾಲತಿಯೂ ಎದುರಿಗೆ ಬರುವಂತಿರಬೇಕು. ಓದುವವನು ಎರಡು ಸಲ ಮುಟ್ಟಿದ ಮೇಲೂ ಬೇಕಾದ ಪುಟ ದೊರೆಯದಿದ್ದರೆ ಪಟ್ಟಿಯ ರಚನೆಯಲ್ಲಿ ದೋಷವಿದೆಯೆಂದು ತಿಳಿಯತಕ್ಕದ್ದು.

ಪಟ್ಟಿಯನ್ನು ರಚಿಸುವುದು ಅಷ್ಟು ಗಂಭೀರವಾದ ಕೆಲಸವೇ ಎಂದು ಯಾರಾದರೂ ಕೇಳಿದರೆ ನಾವು ಮೈಕೇಲ್ ಫ್ಯಾರಡೆಯ ಕಡೆಗೆ ಬೆರಳು ತೋರಿಸುತ್ತೇವೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಈ ಯುವಕ, 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೇನೆಂದರೆ, 1832ರಿಂದ ಆತನು ತನ್ನ ಪ್ರಯೋಗದ ದಿನಚರಿಯಲ್ಲಿ ಒಂದೊಂದು ಖಂಡಕ್ಕೂ ಕ್ರಮಸಂಖ್ಯೆಯನ್ನು ಕೊಡುತ್ತ ಹೋದನು. ಆ ಸಂಖ್ಯೆ ಕೊನೆಗೆ ಹದಿನಾರು ಸಾವಿರವನ್ನೂ ಮೀರಿತು. ಹತ್ತು ವರ್ಷಗಳ ಹಿಂದೆ ಮಾಡಿದ ಪ್ರಯೋಗವನ್ನು ನೆನೆಯಬೇಕಾದಾಗ ಅದರ ಸಂಖ್ಯೆಯೊಂದನ್ನು ಹೇಳಿದರೆ ಆತನಿಗೆ ಸಾಕಾಗುತ್ತಿತ್ತು. ತನ್ನ ಜ್ಞಾಪಕಶಕ್ತಿಯು ಕುಂದುತ್ತಿದೆಯೆಂದು ಕೊರಗುತ್ತಿದ್ದ ಮನುಷ್ಯ ಕಾಗದದ ಮೇಲೆ ಎರಡನೆಯ ಜ್ಞಾಪಕವೊಂದನ್ನು ಕಟ್ಟಿಕೊಂಡಿದ್ದನು. ಅದು ಆತನದೇ ಆಗಿತ್ತು. ಅದನ್ನು ಬಳಸಲು ಬೇರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಪ್ಪಣೆಯ ಮಾತು ಇಲ್ಲಿ ಸುಮ್ಮನೆ ಬರಲಿಲ್ಲ. 2009ರ ಜುಲೈ ತಿಂಗಳಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣದಿಂದ, ಜನರು ಹಣ ಕೊಟ್ಟು ಕೊಂಡಿದ್ದ ಕೆಲವು ಪುಸ್ತಕಗಳನ್ನು ಅವರವರ ಕಿಂಡಲ್ ಉಪಕರಣಗಳಿಂದ ದೂರದಿಂದಲೇ ಅಳಿಸಿಹಾಕಿತು. ಕೊಟ್ಟ ಹಣವನ್ನು ಹಿಂದಿರುಗಿಸಿತೆನ್ನಿ. ಅಳಿಸಿಹೋದ ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲ್ಲರ '1984'. ಪ್ರಭುತ್ವವು ಹಳೆಯ ಬರಹಗಳನ್ನು ಸುಟ್ಟು ಇಲ್ಲವಾಗಿಸುವ ಕಥೆಯುಳ್ಳ ಅದೇ ಪುಸ್ತಕವಾಗಿರಬೇಕೆ! ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನ ಪಾಡು. ಬೇಸಿಗೆಯ ಮನೆಪಾಠಕ್ಕಾಗಿ ಆತ ಆ ಪುಸ್ತಕದಲ್ಲಿ ಟಿಪ್ಪಣಿಗಳನ್ನು ಮಾಡಿಕೊಂಡಿದ್ದನು. ಟಿಪ್ಪಣಿಗಳು ಉಳಿದವು, ಅವು ಯಾವ ವಾಕ್ಯಗಳನ್ನು ಕುರಿತವೋ ಆ ವಾಕ್ಯಗಳು ಮಾಯವಾದವು. ಆಧಾರವನ್ನು ಕಳೆದುಕೊಂಡ ಟಿಪ್ಪಣಿಯಿಂದ ಏನು ಪ್ರಯೋಜನ? ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ವಿದ್ಯಾರ್ಥಿಯು ಹೂಡಿದ ಮೊಕದ್ದಮೆಯು ಅದೇ ವರ್ಷ ಒಂದೂವರೆ ಲಕ್ಷ ಡಾಲರುಗಳಿಗೆ ರಾಜಿಯಾಗಿ ಮುಗಿಯಿತು.

ಆ ಬಳಿಕ ಅಂಥ ಘಟನೆ ನಡೆಯಲಾರದೆಂದು ಹೇಳುವವರೊಡನೆ ನಾವು ವಾದ ಹೂಡುವುದಿಲ್ಲ. ಅಳಿಸುವ ಶಕ್ತಿ ಯಾರ ಕೈಯಲ್ಲಿದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಉಪಕರಣ ಒಂದು ಸಂಸ್ಥೆಯದು, ಲೆಕ್ಕ ಇನ್ನೊಂದೆಡೆ, ಪಾಸ್‌ವರ್ಡು ಮರೆತರೆ ಎರಡೂ ಇಲ್ಲ ಎಂಬ ಸ್ಥಿತಿಯಲ್ಲಿ, ವರ್ಷಗಟ್ಟಲೆ ಕೂಡಿಸಿದ ಪಟ್ಟಿಯ ಒಂದೇ ಪ್ರತಿಯನ್ನು ಅಲ್ಲಿಡುವುದು ಜಾಣತನವಲ್ಲ. ಕಿಂಡಲಿನಲ್ಲಿ ಓದುಗನು ಗುರುತು ಹಾಕಿದ ಸಾಲುಗಳೂ ಬರೆದ ಟಿಪ್ಪಣಿಗಳೂ ಸರಳ ಪಠ್ಯದ ಫೈಲೊಂದರಲ್ಲಿ ತಾವಾಗಿಯೇ ಸೇರುತ್ತ ಹೋಗುತ್ತವೆ. ಅದನ್ನು ತಂತಿಯ ಮೂಲಕ ಗಣಕಕ್ಕೆ ನಕಲು ಮಾಡಿಕೊಳ್ಳಬಹುದು. ಹೀಗಿದ್ದರೂ ಅದನ್ನು ಒಮ್ಮೆಯಾದರೂ ತೆರೆದು ನೋಡಿದ ವಿದ್ಯಾರ್ಥಿಗಳು ವಿರಳ.

ಸರಳ ಪಠ್ಯವೆಂದರೇನು ಎಂಬುದನ್ನು ಕನ್ನಡಿಗರಿಗೆ ಹೇಳುವಾಗ ಸ್ವಲ್ಪ ನಿಂತು ಹೇಳಬೇಕಾಗುತ್ತದೆ. ನಮ್ಮಲ್ಲಿ ಬಹುಕಾಲ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡುವ ವಾಡಿಕೆಯಿತ್ತು. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಷ್ಟೋ ಮನೆಗಳಲ್ಲಿ ಹಿರಿಯರು ಮಾಡಿಟ್ಟ ವಂಶಾವಳಿಗಳೂ ವಿಳಾಸದ ಪಟ್ಟಿಗಳೂ ಇಂದು ಹೀಗೆ ರಾಶಿಯಾಗಿ ಬಿದ್ದಿವೆ. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿಯಾದರೋ 1991ರಲ್ಲಿ ಹೊರಬಂದ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ. ಅದರಲ್ಲಿ ಬರೆದ 'ಕ' ಜಗತ್ತಿನ ಯಾವ ಯಂತ್ರಕ್ಕೂ 'ಕ' ಎಂದೇ ಅರ್ಥವಾಗುತ್ತದೆ. ಪಟ್ಟಿಯನ್ನು ಇದರಲ್ಲಿಯೇ ಬರೆಯತಕ್ಕದ್ದು. ಹಳೆಯ ಪಟ್ಟಿಗಳನ್ನು ಇದಕ್ಕೆ ಪರಿವರ್ತಿಸಿಕೊಳ್ಳತಕ್ಕದ್ದು.

ಆದರೆ ಸಂಕೇತ ಅರ್ಥವಾಗುವುದು ಬೇರೆ, ಅಕ್ಷರವನ್ನು ಸರಿಯಾಗಿ ಚಿತ್ರಿಸುವುದು ಬೇರೆ. ಕನ್ನಡದ ಒತ್ತಕ್ಷರಗಳನ್ನು ಅಕ್ಷರದ ಕೆಳಗೆ ಜೋಡಿಸುವ ಕೆಲಸವನ್ನು ಉಪಕರಣವು ಕಲಿತಿರಬೇಕಾಗುತ್ತದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ಭಾರತದ ಐದು ಭಾಷೆಗಳಲ್ಲಿ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಸಾವಿರ ವರ್ಷಗಳಿಗೂ ಮೀರಿದ ಸಾಹಿತ್ಯವುಳ್ಳ ಭಾಷೆಗೆ ಇದು ಸಲ್ಲತಕ್ಕ ಮರ್ಯಾದೆಯಲ್ಲವೆಂದು ಅಂದು ಅನೇಕರಿಗೆ ಅನ್ನಿಸಿತು, ನಮಗೂ ಅನ್ನಿಸಿತು.

ಇನ್ನು ಪಟ್ಟಿಯ ಒಳಗಿನ ವಿಷಯ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ದಿನಾಂಕವಿಲ್ಲದ ಅಳತೆಗೆ ಬೆಲೆಯಿಲ್ಲ. ಈ ನಿಯಮವನ್ನು ಸ್ವಂತ ಪಟ್ಟಿಗಳಿಗೂ ಅನ್ವಯಿಸಬೇಕೆಂಬುದು ನಮ್ಮ ಹಟ. ಪ್ಲ್ಯಾಂಕ್ ಸ್ಥಿರಾಂಕವನ್ನೇ ತೆಗೆದುಕೊಳ್ಳಿ. 2014ರ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಅದರ ಬೆಲೆ 6.626070040 × 10⁻³⁴ ಜೌಲ್-ಸೆಕೆಂಡ್, ಜೊತೆಗೆ ಕೊನೆಯ ಅಂಕಿಗಳಲ್ಲಿ ಇಷ್ಟು ಅನಿಶ್ಚಿತತೆ ಎಂಬ ಎಚ್ಚರಿಕೆ. 2019ರ ಮೇ 20ರಿಂದ ಅದು 6.62607015 × 10⁻³⁴, ಅನಿಶ್ಚಿತತೆ ಸೊನ್ನೆ. ಏಕೆಂದರೆ ಅಂದಿನಿಂದ ಕಿಲೋಗ್ರಾಮನ್ನು ಪ್ಯಾರಿಸ್ಸಿನ ಬಳಿಯಲ್ಲಿರುವ ಲೋಹದ ಸಿಲಿಂಡರಿನಿಂದಲ್ಲ, ಈ ಸ್ಥಿರಾಂಕದಿಂದಲೇ ನಿರೂಪಿಸಲಾಗಿದೆ. ಸ್ಥಿರಾಂಕಕ್ಕೇ ದಿನಾಂಕ ಬೇಕಾದರೆ, ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ಹೋಗುತ್ತಿರುವ ಗೆಳೆಯನ ವಿಳಾಸಕ್ಕೆ ಬೇಡವೇ?

ಹೆಸರುಗಳ ಪಾಡೂ ಹೀಗೆಯೇ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಅದಕ್ಕೆ ಮುಂಚಿನ ಪಟ್ಟಿಯಲ್ಲಿ ಗುಲ್ಬರ್ಗ ಎಂದು ಬರೆದಿದ್ದು ಈಗ ಕಲಬುರಗಿ ಎಂದು ಹುಡುಕಿದರೆ ಯಂತ್ರವು ಅಂಥದ್ದೇನೂ ಇಲ್ಲವೆಂದು ನಿರ್ವಿಕಾರವಾಗಿ ಹೇಳುತ್ತದೆ. ಮನುಷ್ಯನ ಕಣ್ಣು ಎರಡೂ ಒಂದೇ ಊರೆಂದು ಗ್ರಹಿಸುತ್ತದೆ. ಯಂತ್ರಕ್ಕೆ ಅವು ಎರಡು ಬೇರೆ ಸಂಕೇತಮಾಲೆಗಳು. '೯' ಎಂಬ ಕನ್ನಡದ ಅಂಕಿಯೂ '9' ಎಂಬ ಅಂಕಿಯೂ ಅದಕ್ಕೆ ಬೇರೆ ಬೇರೆಯೇ. ಆದುದರಿಂದ ಅಂಕಿಗಳನ್ನು ಪಟ್ಟಿಯಾದ್ಯಂತ ಒಂದೇ ಬಗೆಯಲ್ಲಿ ಬರೆಯುವುದೂ, ಊರಿಗೆ ಎರಡು ಹೆಸರುಗಳಿದ್ದರೆ ಎರಡನ್ನೂ ಬರೆಯುವುದೂ ಲೇಸು.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ಅನುಕೂಲದ ಮಾತಾಯಿತು. ದೂರವಾಣಿಯ ಪಟ್ಟಿಯಲ್ಲಿ ಇರುವುದು ನಮ್ಮ ಸಂಖ್ಯೆಯಲ್ಲ, ಇತರರದು. ಅವರು ನಮ್ಮನ್ನು ನಂಬಿ ಕೊಟ್ಟದ್ದು. ಈ ದೃಷ್ಟಿಯಿಂದ ಇ-ರೀಡರಿಗೆ ಒಂದು ಮೇಲ್ಮೆಯೂ ಒಂದು ದೋಷವೂ ಇವೆ. ಮೊಬೈಲಿನಲ್ಲಿ ಆಟಕ್ಕೋ ಚಿತ್ರಕ್ಕೋ ಹಾಕಿಕೊಂಡ ತಂತ್ರಾಂಶಗಳು ಸಂಪರ್ಕಗಳ ಪಟ್ಟಿಯನ್ನು ಓದಲು ಅನುಮತಿ ಕೇಳುತ್ತವೆ. ನಾವು ಓದದೆಯೇ ಒಪ್ಪಿಗೆಯನ್ನು ಒತ್ತುತ್ತೇವೆ. ಇ-ರೀಡರಿನಲ್ಲಿ ಪುಸ್ತಕದಂತೆ ಮಲಗಿರುವ ಪಟ್ಟಿಗೆ ಈ ಬಾಧೆ ಇಲ್ಲ. ದೋಷವೇನೆಂದರೆ, ಮೊಬೈಲನ್ನು ಯಾರೂ ಎರವಲು ಕೊಡುವುದಿಲ್ಲ, ಇ-ರೀಡರನ್ನು ಪುಸ್ತಕವೆಂಬಂತೆ ಕೊಟ್ಟುಬಿಡುತ್ತಾರೆ. ವಸತಿಗೃಹದಲ್ಲಿ ಕೋಣೆಯಿಂದ ಕೋಣೆಗೆ ತಿರುಗುವ ಉಪಕರಣದೊಳಗೆ ಸಹಪಾಠಿನಿಯರ ಮನೆಯ ವಿಳಾಸಗಳಿದ್ದರೆ ಅದರ ಪರಿಣಾಮವನ್ನು ನಾವು ವಿವರಿಸಬೇಕಾಗಿಲ್ಲ. ಉಪಕರಣದ ವಿಳಾಸಕ್ಕೆ ಇ-ಮೇಲ್ ಮೂಲಕ ಕಳುಹಿಸಿದ ಫೈಲು ಮೊದಲು ಸಂಸ್ಥೆಯ ಗಣಕಗಳಿಗೆ ಹೋಗಿ, ಅಲ್ಲಿಂದ ಉಪಕರಣಕ್ಕೆ ಇಳಿಯುತ್ತದೆಂಬುದನ್ನೂ ಮರೆಯಬಾರದು. ತಂತಿಯ ಮೂಲಕ ನೇರವಾಗಿ ವರ್ಗಾಯಿಸಿದರೆ ಆ ಸುತ್ತು ತಪ್ಪುತ್ತದೆ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು, ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಮನೆಯ ಉಪಯೋಗಕ್ಕೆ ಇಟ್ಟುಕೊಂಡ ವಿವರಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಈ ವಿಷಯದಲ್ಲಿ ವಿದ್ಯಾರ್ಥಿಯನ್ನು ಕಾನೂನು ಕೇಳುವುದಿಲ್ಲ. ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಸಂಕೇತಪದವನ್ನು ಹಾಕುವುದು, ಎರವಲು ಕೊಡುವ ಮುನ್ನ ಪಟ್ಟಿಯನ್ನು ತೆಗೆಯುವುದು, ಮಾರುವಾಗ ಉಪಕರಣವನ್ನು ಪೂರ್ತಿಯಾಗಿ ಅಳಿಸುವುದು, ಇವು ಕಷ್ಟದ ಕೆಲಸಗಳಲ್ಲ. ಬ್ಯಾಂಕಿನ ಗುಪ್ತಸಂಖ್ಯೆಗಳನ್ನಂತೂ ಅದರಲ್ಲಿ ಬರೆಯಲೇಕೂಡದು.

ಬಸ್ ನಿಲ್ದಾಣದ ವಿದ್ಯಾರ್ಥಿನಿಯ ಮಾತು ಬಾಕಿಯಿದೆ. ಆಕೆಯ ಚೀಲದಲ್ಲಿ ಇ-ರೀಡರ್ ಇದ್ದರೆ, ಅದರ ಬ್ಯಾಟರಿ ವಾರಗಟ್ಟಲೆ ಬರುವುದರಿಂದ, ಸಂಖ್ಯೆ ದೊರೆಯುವ ಸಂಭವವೇ ಹೆಚ್ಚು. ಅದೂ ಬರಿದಾಗಿದ್ದರೆ? ವಿದ್ಯುತ್ ಇಲ್ಲದೆಯೂ ಚಿತ್ರ ನಿಲ್ಲುತ್ತದೆಂದು ಮೇಲೆ ಹೇಳಿದೆವು. ಆದರೆ ನಿಲ್ಲುವುದು ಕೊನೆಯಲ್ಲಿ ಮೂಡಿದ ಚಿತ್ರ, ಪುಟವನ್ನು ತಿರುವಲಾಗದು. ಆ ಕೊನೆಯ ಚಿತ್ರದಲ್ಲಿಯೇ ತುರ್ತು ಸಂಖ್ಯೆಗಳು ಇರಲೆಂದು ಮುಖಪುಟದ ಮೇಲೆ ಅವನ್ನು ಮುದ್ರಿಸಿಕೊಳ್ಳುವ ಚತುರರಿದ್ದಾರೆ, ಮಲಗಿದಾಗ ಪುಸ್ತಕದ ಮುಖಪುಟವನ್ನು ತೋರಿಸುವ ಉಪಕರಣಗಳೂ ಇವೆ. ಹಾಗೆ ಮಾಡಿದರೆ ಮನೆಯವರ ಸಂಖ್ಯೆ ದಾರಿಹೋಕರಿಗೆಲ್ಲ ಕಾಣುತ್ತದೆ. ನಮಗೆ ಹೆಚ್ಚು ಒಪ್ಪುವ ಉಪಾಯ ಹಳೆಯದು: ಆರೇಳು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಉಪಕರಣದ ಚರ್ಮದ ಹೊದಿಕೆಯ ಒಳಗಡೆ ಸೇರಿಸುವುದು. ಪೊಲೀಸು, ಬೆಂಕಿ, ವೈದ್ಯಸಹಾಯ ಮೂರಕ್ಕೂ 112, ಆಂಬುಲೆನ್ಸಿಗೆ 108, ಇವನ್ನು ಚೀಟಿಯಲ್ಲಿ ಬರೆಯುವ ಬದಲು ಬಾಯಿಪಾಠ ಮಾಡುವುದೇ ಸುಲಭ.

ಕೊನೆಯದಾಗಿ, ಈ ಕೆಲಸವನ್ನು ಕೈಗೊಳ್ಳುವವರು ಪೂರ್ತಿ ಪಟ್ಟಿಯನ್ನು ಬರೆದು ಮುಗಿಸಿದ ಮೇಲೆ ವರ್ಗಾಯಿಸಿ ನೋಡಬಾರದು. ಸಣ್ಣ ಫೈಲೊಂದರಲ್ಲಿ ಲಕ್ಷ್ಮಿ, ಕೃಷ್ಣಸ್ವಾಮಿ, ಸ್ವಾತಂತ್ರ್ಯ, ಅರ್ಘ್ಯ, ವೈಶಿಷ್ಟ್ಯ ಎಂಬ ಐದು ಪದಗಳನ್ನು ಮಾತ್ರ ಬರೆದು ಮೊದಲು ಉಪಕರಣದಲ್ಲಿ ತೆರೆಯಿರಿ. ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿವೆಯೇ, 'ರ್ಘ್ಯ'ದ ಅರ್ಕಾವತ್ತು ಬಲಗಡೆಯಲ್ಲಿ ಬಂದಿದೆಯೇ, ಎಲ್ಲಿಯಾದರೂ ಬರಿಯ ಚೌಕಗಳು ಮೂಡಿವೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಚೌಕಗಳು ಮೂಡಿದರೆ, ಕನ್ನಡದ ಅಕ್ಷರಶೈಲಿಯನ್ನು ಸೇರಿಸಿಕೊಳ್ಳಲು ಆ ಉಪಕರಣವು ಅವಕಾಶ ಕೊಡುತ್ತದೆಯೇ ಎಂದು ವಿಚಾರಿಸಿ, ಅದೂ ಇಲ್ಲವಾದರೆ ಪಟ್ಟಿಯನ್ನು ಗಣಕದಲ್ಲಿಯೇ ಪಿ.ಡಿ.ಎಫ್. ಆಗಿ ಪರಿವರ್ತಿಸಿ, ಪುಟದ ಅಳತೆಯನ್ನು ಉಪಕರಣದ ಪರದೆಯ ಅಳತೆಗೆ ಸರಿಹೊಂದಿಸಿ ಕಳುಹಿಸಬಹುದು. ಆಗ ಅಕ್ಷರದ ಗಾತ್ರವನ್ನು ಬೇಕಾದಂತೆ ಹಿಗ್ಗಿಸಲು ಬರುವುದಿಲ್ಲ. ಆದರೆ ಅರ್ಕಾವತ್ತು ತನ್ನ ಸ್ಥಾನದಲ್ಲಿಯೇ ಇರುತ್ತದೆ.